ಹಾಳೆಯಲ್ಲಿ ಗುರುಗಳ ಹೆಸರು

ತಿಕೋಟಾದ ಹಾರ್ಮೋನಿಯಂ ಮಾಸ್ತರ ಬಸಲಿಂಗಯ್ಯ ಧಾರಾವಾಹಿಯೊಂದಕ್ಕೆ ಸಂಗೀತ ಕಟ್ಟಿದ್ದರು. ಸಂಗೀತ ಕಟ್ಟಿದವರೆಂದು ಯಾರ ಹೆಸರನ್ನು ಹಾಳೆಯಲ್ಲಿ ಬರೆದು ಹಕ್ಕುಸ್ವಾಮ್ಯ ಸಂಘಕ್ಕೆ ಕಳಿಸುತ್ತಾರೋ, ಪ್ರಸಾರವಾದಾಗಲೆಲ್ಲ ಅವರಿಗೇ ರಾಯಲ್ಟಿ ಹಣ. ವಿಜಯಪುರದ ಸ್ಟುಡಿಯೊದಲ್ಲಿ ಆ ಹಾಳೆ ತುಂಬುವವಳು ಶರ್ವರಿ.

"ಯಾರ ಹೆಸರ ಬರೀಲಿರಿ, ಮಾಸ್ತರ?"

"ನಮ್ಮ ಗುರುಗಳದು ಬರಿಯವ್ವ. ಲಿಂಗೈಕ್ಯರಾದ್ರೂ ಕಲಿಸಿದವರು ಅವರ ಅಲ್ಲೇನು?"

ಗುರುವಿನ ಹೆಸರೆತ್ತದೆ ಹಾರ್ಮೋನಿಯಂ ಪೆಟ್ಟಿಗೆ ಮುಟ್ಟದ ಮನುಷ್ಯ. ಸಂಗೀತ ಮಾಸ್ತರರದೇ ಎಂದು ಗೊತ್ತಿದ್ದೂ ಶರ್ವರಿ ಹಾಗೇ ಬರೆದುಬಿಟ್ಟಳು.

ನಾಲ್ಕು ವರ್ಷಕ್ಕೆ ಲಕ್ವಾ ಹೊಡೆದು ಮಾಸ್ತರರ ಬಲಗೈ ಬಿದ್ದುಹೋಯಿತು, ಗಳಿಕೆಯೂ ನಿಂತಿತು. ಶರ್ವರಿಗೆ ತನ್ನ ತಪ್ಪು ಚುಚ್ಚಿತು; ತಿದ್ದುಪಡಿಯ ಕಾಗದ ಹಿಡಿದು ತಿಕೋಟಾಕ್ಕೆ ಓಡಿದಳು.

"ಎಡಗೈಲೆ ಸಹಿ ಮಾಡ್ರಿ, ಸಾಕು. ರಾಯಲ್ಟಿ ನಿಮಗ ಬರತೈತಿ."

ಮಾಸ್ತರರು ಕಾಗದ ಸರಿಸಿದರು. "ಗುರುಗಳ ಹೆಸರ ಅಳಿಸಿ ನಂದು ಬರಿಯೂದಾ? ಕೈ ಹೋಗೈತವ್ವ, ಗುರು ಹೋಗಿಲ್ಲ."

ಹೆಂಡತಿ ಲಕ್ಕವ್ವ, ಗಂಡನ ಔಷಧಿಯಲ್ಲಿ ಉಳಿದಿದ್ದ ಒಂದೇ ಗುಳಿಗೆಯನ್ನು ಎರಡು ಹೋಳು ಮಾಡಿ, ಅರ್ಧವನ್ನು ನಾಳೆಗೆಂದು ಸೆರಗಿನ ತುದಿಗೆ ಕಟ್ಟಿಕೊಂಡಳು.