ಪ್ರೆಸ್ಸಿನ ಹಾಡು ಯಾರ ಮೇಲೆ?

1938ರಲ್ಲಿ ನಾನು ಆದೋನಿಯ ಒಂದು ಸಣ್ಣ ಹತ್ತಿ ಕಾರ್ಖಾನೆಯಲ್ಲಿ ಪ್ರೆಸ್ ವಿಭಾಗದ ಸೂಪರ್‌ವೈಸರ್ ಆಗಿದ್ದೆ. ಆಳುಗಳ ಬಾಯಲ್ಲಿ ಮೇಸ್ತ್ರಿ. ಬೀಜ ತೆಗೆದ ಅರಳೆಯನ್ನು ದೊಡ್ಡ ಪೆಟ್ಟಿಗೆಗೆ ತುಂಬಿ, ಮೇಲಿನಿಂದ ಅದುಮಿ, ಕಬ್ಬಿಣದ ಪಟ್ಟಿ ಬಿಗಿದು ಬೇಲ್ ಮಾಡುವುದು ನಮ್ಮ ಕೆಲಸ. ಬೇರೆ ಕಡೆ ಇದಕ್ಕೆ ಉಗಿಯಂತ್ರ ಬಂದಿತ್ತು. ನಮ್ಮದು ಹಳೆಯ ಕೈಪ್ರೆಸ್. ಆಳುಗಳೇ ಉದ್ದನೆಯ ತೊಲೆಗಳನ್ನು ದಬ್ಬುತ್ತ ಗಾಣದೆತ್ತಿನ ಹಾಗೆ ಸುತ್ತಬೇಕು. ಪೆದ್ದಕಡುಬೂರಿನ ಈರಣ್ಣ ಹಾಡು ಹೇಳುತ್ತಿದ್ದ, ಉಳಿದವರು ‘ಐಸಾ’ ಎಂದು ದನಿಗೂಡಿಸಿ ದಬ್ಬುತ್ತಿದ್ದರು.

ನನಗೆ ಹುಟ್ಟಿನಿಂದಲೇ ಅನುಮಾನದ ಬುದ್ಧಿ. ನಾಲ್ಕು ಜನ ನಕ್ಕರೆ ಏನೋ ಮಸಲತ್ತು ಎಂದೇ ಲೆಕ್ಕ. ಆ ವರ್ಷ ಮುಂಬಯಿಯಿಂದ ಬಂದ ಹೊಸ ಮ್ಯಾನೇಜರ್ ನನಗಿಂತ ಒಂದು ಕೈ ಮೇಲು. ಅವರಿಗೆ ಕನ್ನಡ ಬಾರದು, ತೆಲುಗು ಬಾರದು, ನನ್ನ ಜೊತೆ ಮಾತೆಲ್ಲ ಹಿಂದೂಸ್ತಾನಿಯಲ್ಲಿ. ಒಂದು ದಿನ ನಾವಿಬ್ಬರೂ ಪ್ರೆಸ್ಸಿನ ಬಳಿ ಹಾದುಹೋಗುವಾಗ ಆಳುಗಳು ಕಿಸಕ್ಕನೆ ನಕ್ಕರು.

“ನನ್ನ ಮೇಲೆ ಹಾಡು ಕಟ್ಟಿದ್ದಾರೆ,” ಎಂದು ಮ್ಯಾನೇಜರ್ ಅಂದೇ ಹಾಡು ಬಂದ್ ಮಾಡಿಸಿದರು. ನನಗೂ ಹಾಗೇ ಅನ್ನಿಸಿತ್ತು. ನಾವು ಹತ್ತಿರ ಬಂದರೆ ಸಾಕು, ಈರಣ್ಣ ಹಾಡು ಬದಲಿಸಿಬಿಡುತ್ತಿದ್ದ.

ಮರುದಿನದಿಂದ ಬೇಲುಗಳು ಕಡಿಮೆಯಾಗತೊಡಗಿದವು. ತುಂಬಬೇಕಾದ ರೈಲು ವ್ಯಾಗನ್ ಖಾಲಿ ನಿಂತಿತು. “ಇದು ಮುಷ್ಕರ. ಇದರ ಹಿಂದೆ ಆ ಹಾಡುಗಾರನೇ ಇದ್ದಾನೆ. ಶನಿವಾರದೊಳಗೆ ನೀವು ಸಾಬೀತು ಮಾಡಿ, ನಾನು ಅವನನ್ನು ಕೆಲಸದಿಂದ ತೆಗೆದುಹಾಕುತ್ತೇನೆ,” ಎಂದರು ಮ್ಯಾನೇಜರ್. ಹಾಗೆ ಹೊರಬಿದ್ದವನನ್ನು ಊರಿನ ಬೇರೆ ಕಾರ್ಖಾನೆಯವರು ಸೇರಿಸುತ್ತಿರಲಿಲ್ಲ. ಈರಣ್ಣನ ಮನೆಯಲ್ಲಿ ಬಾಣಂತಿ ಹೆಂಡತಿ ಇದ್ದಳು, ದುಡಿಯುವವನು ಅವನೊಬ್ಬನೇ.

ನಾನು ಪತ್ತೇದಾರಿಕೆಗೆ ಇಳಿದೆ. ಎಂದಿನಂತೆ ಗೋದಾಮಿನ ಗೋಡೆಯ ಹಿಂದೆ ನಿಂತು ಕಿವಿಗೊಟ್ಟೆ, ಬೀಡಿ ಸೇದುವ ಕಡೆ ಸುಳಿದಾಡಿದೆ. ಕಿವಿಗೆ ಬಿದ್ದದ್ದು ಬರೀ ಮಳೆ-ಬೆಳೆಯ ಮಾತು. ರೇಗಿಹೋಗಿ ಈರಣ್ಣನನ್ನೇ ಹಿಡಿದು ಕೇಳಿದೆ:

“ಬೇಕಂತ ನಿಧಾನ ಮಾಡಾಕ ಹತ್ತೀರಿ, ಹೌದಲ್ಲೋ?”

“ಇಲ್ರಿ ಸ್ವಾಮಿ, ಉರುಕುಂದ ಈರಣ್ಣಸ್ವಾಮಿ ಆಣಿ! ಹಾಡಿಲ್ದ ಹೆಜ್ಜಿ ಕೂಡವಲ್ಲವು. ನಂಬಿಕಿ ಇಲ್ಲಂದ್ರ ನೀವಾ ಒಂದ್ಸಲ ತೊಲಿ ಹಿಡೀರಿ.”

ಹಿಡಿದೆ. ಒಬ್ಬ ಮೊದಲೇ ದಬ್ಬಿದ, ಇನ್ನೊಬ್ಬ ತಡವಾಗಿ. ತೊಲೆ ನನ್ನ ಪಕ್ಕೆಗೇ ಬಡಿಯಿತು. ಅಯ್ಯಪ್ಪಾ, ಉಸಿರೇ ನಿಂತಿತು! ಎಲ್ಲರ ಬಲವನ್ನೂ ಒಂದೇ ಕ್ಷಣಕ್ಕೆ ಕೂಡಿಸುತ್ತಿದ್ದದ್ದು ಆ ಹಾಡು.

ಶನಿವಾರ ಮ್ಯಾನೇಜರಿಗೆ ಹೇಳಿದೆ: “ಒಂದು ಬೇಲ್ ಆಗುವಷ್ಟು ಹೊತ್ತು ಹಾಡಿಸಿ ನೋಡಿ. ಸಾಲುಸಾಲಿನ ಅರ್ಥ ನಾನು ಹೇಳುತ್ತೇನೆ. ನಿಮ್ಮ ಮೇಲಿದ್ದರೆ ಅವನನ್ನು ತೆಗೆಯಿರಿ.” ಅವರು ಒಪ್ಪಿದರು. ಆದರೆ ನನ್ನ ಮೇಲೂ ನಂಬಿಕೆಯಿಲ್ಲದೆ ಕನ್ನಡ ಬಲ್ಲ ಗೋದಾಮಿನ ಗುಮಾಸ್ತನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು.

“ಯಾವಾಗ್ಲೂ ಹಾಡೋದನ್ನಾ ಹಾಡು,” ಎಂದೆ. ಈರಣ್ಣ ಕೈಮುಗಿದ.

“ಅದೊಂದು ಬ್ಯಾಡ್ರಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಕೆಟ್ಟಿತು, ಇವನ ಕಥೆ ಮುಗಿಯಿತು ಅಂದುಕೊಂಡೆ. ಮ್ಯಾನೇಜರ್ “ಅದನ್ನೇ ಹಾಡಲಿ” ಎಂದು ಹಟ ಹಿಡಿದರು. ಈರಣ್ಣ ಕಣ್ಣು ಮುಚ್ಚಿಕೊಂಡು ಶುರುಮಾಡಿದ:

“ಗ್ವಾಡಿ ಹಿಂದ ಯಾರಪ್ಪ? — ಐಸಾ!
ಕಿವಿ ಉದ್ದ ಮೇಸ್ತ್ರಪ್ಪ! — ಐಸಾ!
ಹೆಂಡ್ತಿ ಇಟ್ಟ ರೊಟ್ಟಿನೂ — ಐಸಾ!
ತೂಗಿ ನೋಡಿ ತಿಂತಾನ! — ಐಸಾ!”

ತೊಲೆಗಳು ಗರಗರ ತಿರುಗಿದವು. ನನ್ನ ಕಿವಿಗಳು ಕಾದು ಕೆಂಪಾದವು. “ಏನಂತೆ? ನನ್ನ ಮೇಲಲ್ಲವೇ?” ಎಂದರು ಮ್ಯಾನೇಜರ್. ಗುಮಾಸ್ತ ನೆಲ ನೋಡುತ್ತಿದ್ದ. ಹೇಳಿದರೆ ನನ್ನ ಮಾನ ಹೋಗುತ್ತಿತ್ತು, ಹೇಳದಿದ್ದರೆ ಈರಣ್ಣನ ಅನ್ನ. ರೊಟ್ಟಿಯನ್ನೂ ಬಿಡದೆ ಪೂರ್ತಿ ಅನುವಾದಿಸಿದೆ.

ಆ ಮನುಷ್ಯ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. “ರೊಟ್ಟಿಯನ್ನು ನಿಜವಾಗಿ ತೂಗುತ್ತೀರಾ?” ಎಂದು ಕೇಳಿ, ಹಾಡಿನ ನಿಷೇಧವನ್ನು ಅಲ್ಲೇ ತೆಗೆದುಹಾಕಿದರು. ವ್ಯಾಗನ್ ತುಂಬಿತು, ಈರಣ್ಣ ಉಳಿದ. ಮನೆಗೆ ಬಂದು ಸಿಟ್ಟಿನಿಂದ ಹೇಳಿಕೊಂಡರೆ ನನ್ನಾಕೆ, “ಅದರಾಗ ಸುಳ್ಳೇನೈತಿ?” ಅಂದುಬಿಟ್ಟಳು!

ಆಮೇಲೂ ಬಹಳ ವರ್ಷ ಆಳುಗಳ ಉಸ್ತುವಾರಿ ನೋಡಿಕೊಂಡೆ. ನನ್ನ ಅನುಮಾನದ ಬುದ್ಧಿಯೇನೂ ಹೋಗಲಿಲ್ಲ. ಆದರೆ ಅವರು ನನ್ನನ್ನು ಆಡಿಕೊಂಡು ನಗುತ್ತಿದ್ದರೆ ಕೆಲಸ ಸರಿಯಾಗಿ ಸಾಗಿದೆ ಎಂದುಕೊಂಡು ನೆಮ್ಮದಿಯಾಗಿ ಊಟಕ್ಕೆ ಹೋಗುತ್ತಿದ್ದೆ. ಎಲ್ಲರೂ ತೆಪ್ಪಗಾದ ದಿನ ಮಾತ್ರ ಹತ್ತಿರ ಹೋಗಿ ಕೇಳುತ್ತಿದ್ದೆ: “ಯಾಕ್ರಪ್ಪಾ, ಇವತ್ತು ನನ್ನ ಹಾಡಿಲ್ಲ?”