ದೊಡ್ಡತ್ತೆಯ ಬವಳಿ

ರೊಟ್ಟಿ ಬಡಿದು ಬಡಿದು ದೊಡ್ಡತ್ತೆಯ ಅಂಗೈಯ ಗೆರೆಗಳೇ ಸವೆದುಹೋಗಿದ್ದವು. ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಬರಿಗೈಯಲ್ಲೇ ಕೆಂಡಕ್ಕೆ ಆನಿಸುತ್ತಿದ್ದರು. ಸುಟ್ಟಿತೆಂದು ಕೈ ಹಿಂದೆಳೆದದ್ದನ್ನು ನಾನು ಎಂದೂ ನೋಡಲಿಲ್ಲ. ಅವರು ನನ್ನ ಮಾವನವರ ಅಣ್ಣನ ಹೆಂಡತಿ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹುಬ್ಬಳ್ಳಿಯ ಆ ಹತ್ತಿ ವ್ಯಾಪಾರಿಗಳ ದೊಡ್ಡ ಮನೆಯಲ್ಲಿ ಅವರಿಗೆ ತಮ್ಮದು ಅಂತ ಇದ್ದದ್ದು ಒಲೆಯ ಮುಂದಿನ ಮಣೆಯೊಂದೇ. ಅದರ ಮೇಲೆ ಕೂತಾಗ ಮಾವನವರೂ ಅವರಿಗೆ ಎದುರಾಡುತ್ತಿರಲಿಲ್ಲ.

ಅಲ್ಲಿಂದಲೇ ಅವರು ಮನೆಯವರ ತಲೆಗಳನ್ನೆಲ್ಲ ಕಾಯುತ್ತಿದ್ದರು. ಯಾರ ತಲೆ ಸ್ವಲ್ಪ ತಿರುಗಿದರೂ ಅದಕ್ಕೊಂದು ಮಾತು ತಯಾರು. ಹತ್ತಿಯ ಧಾರಣೆ ಏರಿದ ದಿನ ಮಾವನವರು ಗುನುಗುತ್ತ ಬಂದರೆ "ಇವತ್ತ ಅಮಲ ಏರೇತಿ ನೋಡು" ಎನ್ನುವರು. ಅಂಗಳದಲ್ಲಿ ಗಿರ್ರನೆ ಸುತ್ತುವ ಮಕ್ಕಳು ಗಿರಗಿಟ್ಲಿಗಳು. ನಾವು ಸೊಸೆಯಂದಿರು ಬಾವಿಯ ಹತ್ತಿರ ಕಿಸಕ್ಕನೆ ನಕ್ಕರಂತೂ ಒಳಗಿನಿಂದಲೇ ಕೂಗು: "ಯಾಕ್ರೇ, ಪಿತ್ತ ನೆತ್ತಿಗೇರೇತೇನು? ಹುಚ್ಚಖೋಡಿಗೋಳು!" ನನಗೆ ಅವರೆಂದರೆ ಬಹಳ ಅಂಜಿಕೆ.

ಮದುವೆಯಾದ ಎರಡನೆಯ ವರ್ಷದ ಪಂಚಮಿಗೆ ನನ್ನನ್ನು ಕರೆದೊಯ್ಯಲು ತವರಿನಿಂದ ಯಾರೂ ಬರಲಿಲ್ಲ. ನಮ್ಮ ಶಿರಗುಪ್ಪಿ ಏನು ದೂರದ ಊರಲ್ಲ, ಆದರೆ ಹಳ್ಳ ತುಂಬಿ ಅಣ್ಣನ ಚಕ್ಕಡಿ ಆಚೆ ದಂಡೆಯಲ್ಲೇ ನಿಂತಿತ್ತಂತೆ. ಮಧ್ಯಾಹ್ನ ಮನೆಯ ಹೆಂಗಸರೆಲ್ಲ ಓಣಿಯ ಬೇವಿನ ಮರದ ಜೋಕಾಲಿಗೆ ಹೋದರು. ನಾನು ಹಿಂದಿನ ಕೋಣೆಯಲ್ಲಿ ಹತ್ತಿ ತುಂಬಿದ ಅಂಡಿಗೆಗೆ ಆತುಕೊಂಡು ಅಳುತ್ತ ಕೂತೆ. ದೊಡ್ಡತ್ತೆ ಬಂದು ಬಾಗಿಲಲ್ಲಿ ನಿಂತರು.

"ಯಾಕ ತಂಗಿ, ಮಾರಿ ಹಿಂಗ ಮಾಡ್ಕೊಂಡಿ?"

"ಅಣ್ಣ ಬರಲಿಲ್ಲರಿ, ದೊಡ್ಡತ್ತ್ಯಾರ."

"ನೀ ಅತ್ರ ಹಳ್ಳ ಇಳೀತೈತೇನು? ಇನ್ನಷ್ಟು ನೀರಾಕ್ಕಾವ. ಏಳು, ಸೆರಗ ಸಿಗಿಸು. ಫುಗಡಿ ಆಡೂಣು."

ನಾನು ಕಣ್ಣು ಕಣ್ಣು ಬಿಟ್ಟೆ. ಐವತ್ತು ದಾಟಿದ, ಗಂಡ ಸತ್ತ ಹೆಂಗಸು! ಅವರು ಆಗಲೇ ಕತ್ತರಿ ಹಾಕಿದ ಕೈಗಳನ್ನು ನನ್ನ ಮುಂದೆ ಚಾಚಿದ್ದರು. ಹಿಡಿದೆ. ಪಾದಕ್ಕೆ ಪಾದ ಕೂಡಿಸಿ, ಮೈ ಹಿಂದಕ್ಕೆ ವಾಲಿಸಿ ತಿರುಗತೊಡಗಿದೆವು. ಮೊದಲು ಮೆಲ್ಲಗೆ, ಆಮೇಲೆ ಗೋಡೆ, ಅಂಡಿಗೆ, ಬಾಗಿಲು ಎಲ್ಲ ಒಂದಾಗಿ ಹೋದವು. ದೊಡ್ಡತ್ತೆ ನಗುತ್ತಿದ್ದರು. ಉಸಿರು ಸಿಕ್ಕಿಕೊಳ್ಳುವ ಹಾಗೆ, ಎಳೆ ಹುಡುಗಿಯ ಹಾಗೆ. "ಲಗೂ ತಂಗಿ! ಇನ್ನಾ ಲಗೂ!" ನನ್ನ ಅಳು ಎಲ್ಲಿ ಹೋಯಿತೋ ತಿಳಿಯದು. ಅಷ್ಟರಲ್ಲಿ, ಜೋಕಾಲಿಯಿಂದ ಮರಳಿದ ಅತ್ತೆಯ ಕಾಲುಂಗುರದ ಸಪ್ಪಳ ಪಡಸಾಲೆಯಲ್ಲಿ ಕೇಳಿಸಿತು. ನಾನು ಹೆದರಿ ಕೈ ಬಿಟ್ಟೆ.

ಫುಗಡಿಯಲ್ಲಿ ಒಬ್ಬರು ಕೈ ಬಿಟ್ಟರೆ ಇಬ್ಬರೂ ಬೀಳಲೇಬೇಕು. ನಾನು ಅಂಡಿಗೆಯ ಮೇಲೆ ಬಿದ್ದೆ, ಅವರು ಬೀಸುಕಲ್ಲಿನ ಮೇಲೆ. ಹಣೆ ಒಡೆದು ರಕ್ತ ಇಳಿಯಿತು.

"ಅಕ್ಕಾ! ಏನಾತು?" ಎಂದು ಅತ್ತೆ ಓಡಿ ಬಂದರು.

ದೊಡ್ಡತ್ತೆ ನನ್ನ ಕಡೆ ನೋಡಲೂ ಇಲ್ಲ. "ಏನಿಲ್ಲವಾ. ಬವಳಿ ಬಂತು, ಬಿದ್ನಿ."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಹೀಗೆ ತಲೆ ಸುತ್ತಿ ಬೀಳುವವರು ಒಲೆಯ ಮುಂದೆ ಕೂರಬಾರದು, ಬೆಂಕಿಗೆ ಬಿದ್ದರೆ ಏನು ಗತಿ ಎಂದರು ಮಾವನವರು. ಕಾಳಜಿಯಿಂದಲೇ ಅಂದರು. ಬಾವಿಯ ಕಡೆಗೂ ಹೋಗಬಾರದು ಎಂದಾಯಿತು. ಪಂಡಿತರು ಅಮೃತಬಳ್ಳಿಯ ಕಷಾಯ ಹೇಳಿದರು. ಒಲೆಯ ಮುಂದಿನ ಅವರ ಮಣೆಯ ಮೇಲೆ ನಾನು ಕೂತೆ. ಬೆಳಿಗ್ಗೆ ಎದ್ದು ಆ ಕಹಿಯನ್ನು ಕಾಸಿ ಕೊಡುವವಳೂ ನಾನೇ. ಇಲ್ಲದ ರೋಗಕ್ಕೆ ಅವರು ವರ್ಷಗಟ್ಟಲೆ ಮದ್ದು ಕುಡಿದರು.

ಒಂದು ದಿನ ತಡೆಯಲಾರದೆ, "ಅತ್ತ್ಯಾರ ಮುಂದ ಖರೇ ಹೇಳಿಬಿಡ್ತೇನ್ರಿ" ಎಂದೆ.

"ಏನಂತ ಹೇಳ್ತಿ? ಗಂಡ ಸತ್ತ ಮುದುಕಿ ಫುಗಡಿ ಆಡಿದ್ಲಂತ? ದುರ್ಗದಬೈಲ್ ಪ್ಯಾಟಿ ತನಾ ನಗ್ತಾರ. ಜಡ್ಡ ಬಂದಾಕಿನ್ನ ನೋಡಿ ಯಾರೂ ನಗೂದಿಲ್ಲ. ಸುಮ್ನಿರು."

ಸುಮ್ಮನಿದ್ದೆ. ಅವರ ಮಾನ ಕಾಯುತ್ತಿದ್ದೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಬಾಯಿ ಬಿಟ್ಟರೆ, ಕೈ ಬಿಟ್ಟವಳು ಯಾರು ಎಂಬ ಮಾತೂ ಬರುತ್ತಿತ್ತಲ್ಲ, ನನಗೆ ಅದರ ಭಯ. ನಾನು ಬಡಿದ ದಪ್ಪ ರೊಟ್ಟಿಯನ್ನು ಅವರು ಪಡಸಾಲೆಯ ಮೂಲೆಯಲ್ಲಿ ಕೂತು, ಏನೂ ಅನ್ನದೆ ತಿನ್ನುತ್ತಿದ್ದರು. ಬಾವಿಯ ಹತ್ತಿರ ನಾವು ಎಷ್ಟು ನಕ್ಕರೂ ಈಗ ಒಳಗಿನಿಂದ ಕೂಗು ಬರುತ್ತಿರಲಿಲ್ಲ.

ಯುದ್ಧ ನಡೆದಿತ್ತು, ಚಿಮಣಿ ಎಣ್ಣೆಗೂ ಸಾಲು ನಿಲ್ಲಬೇಕಾದ ಕಾಲ. ಆಗ ಅವರು ಜ್ವರ ಬಂದು ಮಲಗಿದವರು ಮತ್ತೆ ಏಳಲಿಲ್ಲ. ಕೊನೆಯ ದಿನಗಳಲ್ಲಿ ಕಾಲು ಒತ್ತುತ್ತ, "ಆವತ್ತ ಕೈ ಬಿಟ್ನಿರಿ, ತಪ್ಪಾತ್ರಿ" ಎಂದೆ.

"ಬಿಟ್ಟದ್ದಿರ್ಲಿ," ಎಂದರು. "ಆಮ್ಯಾಲೆ ಒಮ್ಮಿನೂ ಯಾಕ ಹಿಡೀಲಿಲ್ಲ?"

ಹಿಂದಿನ ಕೋಣೆ ಅಲ್ಲೇ ಇತ್ತು, ಮಧ್ಯಾಹ್ನಗಳೂ ಬೇಕಾದಷ್ಟಿದ್ದವು.

ಅವರು ಹೋದ ದಿನ ಅತ್ತೆ ಎದೆ ಬಡಿದುಕೊಂಡು ಅತ್ತರು. ಓಣಿಯ ಹೆಂಗಸರ ಮುಂದೆ, "ಎಂಥಾ ಜನ್ಮ ಬಂತವಾ ನಮ್ಮಕ್ಕಗ! ಈ ಮನಿಗೆ ಬಂದಾಗಿಂದ ಒಂದ ದಿನಾನೂ ಬಾಯಿ ತುಂಬ ನಗಲಿಲ್ಲ" ಎಂದು ಹಲುಬಿದರು. ನಕ್ಕಿದ್ದರು. ಹೇಗೆ ನಕ್ಕಿದ್ದರೆಂದು ಹೇಳಲು ಆ ಮನೆಯಲ್ಲಿ ಇದ್ದವಳು ನಾನೊಬ್ಬಳೇ. ಹೇಳಿದ್ದರೆ ಅತ್ತೆಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನಾನು ಬಾಯಿಗೆ ಸೆರಗು ಒತ್ತಿಕೊಂಡು, ಹೌದೆಂದು ತಲೆಯಾಡಿಸಿದೆ.