ಅಕ್ಕನ ಮಣ್ಣುಗುಡ್ಡೆಯ ಕಳ್ಳಿಪೀರಗಳು

ಹೋದ ವರ್ಷ ಕಳ್ಳಿಪೀರ ಹಕ್ಕಿಗಳು ಬಂದದ್ದು ಯುಗಾದಿಯ ಬೆಳಿಗ್ಗೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಬಾಯಲ್ಲಿ ಇನ್ನೂ ಬೇವುಬೆಲ್ಲ, ತಲೆಯೆತ್ತಿದರೆ ಹಸಿರು ಮೈ, ನೀಲಿ ಬಾಲ. ಎಷ್ಟು ಚೆನ್ನಾಗಿದೆ ನೋಡಿ. ಚೆನ್ನಾಗಿರುವುದರಿಂದಲೇ ನನಗೆ ಅನುಮಾನ. ನೆನಪು ತಲೆ ಬಾಚಿಕೊಂಡು ಎದುರು ನಿಂತಿತೆಂದರೆ ಬಾಚಣಿಗೆ ಕೊಟ್ಟವನು ನಾನೇ ಇರಬೇಕು.

ಅಕ್ಕನ ಪ್ರಕಾರ ಅವು ಬಂದದ್ದು ಹೋಳಿಯ ಮಾರನೆಯ ದಿನ. ಭದ್ರಾವತಿಯಿಂದ ಕೆಲಸಕ್ಕೆ ಬರುವ ಮೇಸ್ತ್ರಿ ಮುರುಗೇಶನ ಪ್ರಕಾರ ಬೋರಿನಲ್ಲಿ ನೀರು ಬಿದ್ದ ದಿನ. ಮೂವರೂ ಕಣ್ಣಾರೆ ಕಂಡವರೇ. ಹಕ್ಕಿಗಳು ಮಾತ್ರ ಯಾವ ವಿಶೇಷವೂ ಇಲ್ಲದ ಒಂದು ಮಂಗಳವಾರ ಬಂದಿರಬೇಕು.

ಎಲ್ಲಿಗೆ ಬಂದವು ಎಂಬುದರಲ್ಲಿ ಜಗಳವಿಲ್ಲ. ಮಾಚೇನಹಳ್ಳಿಯ ಹತ್ತಿರ ಅಕ್ಕ ಕೊಂಡ ಸೈಟಿನಲ್ಲಿ, ಪಾಯ ತುಂಬಲೆಂದು ತರಿಸಿದ ಕೆಮ್ಮಣ್ಣಿನ ಗುಡ್ಡೆಗೆ. ಅದರ ಮಗ್ಗುಲಿಗೆ ಬಿಲ ಕೊರೆದು, ಮರಿ ಮಾಡಿ, ಹಾರಿಹೋದವು. ಮದುವೆಯಾದಾಗಿನಿಂದ ಶಿವಮೊಗ್ಗದ ಬಾಡಿಗೆ ಮನೆಗಳಲ್ಲೇ ಸಾಮಾನು ಕಟ್ಟಿ ಬಿಚ್ಚಿದ ಅಕ್ಕನಿಗೆ ಇದಕ್ಕಿಂತ ಶುಭಶಕುನ ಬೇಕಿರಲಿಲ್ಲ. “ನನಗಿಂತ ಮೊದ್ಲು ಅವೇ ಗೃಹಪ್ರವೇಶ ಮಾಡಿದ್ವು ಕಣೋ” ಎಂದು ಫೋನಿನಲ್ಲಿ ನಕ್ಕಿದ್ದಳು.

ಎಳೆದಾಡಿದ ಕೆಲಸ ಈ ವರ್ಷ ಚುರುಕಾಯಿತು. ಪಾಯದ ಗೋಡೆ ಎದ್ದಿತು, ಮಣ್ಣು ತುಂಬಬೇಕು, ಮಳೆ ಹಿಡಿಯುವುದರೊಳಗೆ ತಾರಸಿ ಬೀಳಬೇಕು. ಅಕ್ಕ ಗುಡ್ಡೆ ಮುಟ್ಟಲು ಬಿಡಲಿಲ್ಲ. ಯುಗಾದಿಗೆ ಬಂದೇ ಬರುತ್ತವೆ ಎಂದು ನಾನೂ ಅಭಯ ಕೊಟ್ಟೆ. “ಅಲ್ಲೀವರೆಗೆ ಕಾಯ್ತೀನಿ ಮಾರಾಯ. ಬರ್ಲಿಲ್ಲ ಅಂದ್ರೆ ಮಣ್ಣು ಪಾಯಕ್ಕೆ, ನಿನ್ನ ಮಾತು ಹೊಳೆಗೆ” ಎಂದಳು.

ಆ ಗುಡ್ಡೆಗೆ ನಾವು ಮಾಡಿದ ಉಪಚಾರವನ್ನು ಏನು ಹೇಳಲಿ. ಸುತ್ತ ಕಲ್ಲಿಟ್ಟೆವು, ನಾಯಿ ಅಟ್ಟಿದೆವು. ಹೋದ ಮಳೆಗಾಲಕ್ಕೆ ಅದು ಉರುಟಾಗಿ, ನೆತ್ತಿಯ ಮೇಲೆ ಹುಲ್ಲು ಹುಟ್ಟಿ, ಚಿತ್ರದ ಬೆಟ್ಟದಂತಾಗಿತ್ತು. ದೇವರ ಗುಡಿಗೂ ಇಷ್ಟು ಕಾವಲಿಲ್ಲ ಎಂದು ಮುರುಗೇಶ ಗೊಣಗಿದ.

ಯುಗಾದಿ ಬಂತು. ರಾಗಿಗುಡ್ಡದ ನನ್ನ ಮನೆಯಿಂದ ಬೇವುಬೆಲ್ಲದ ಡಬ್ಬಿಯೊಂದಿಗೆ ಹೋಗಿ, ಕತ್ತು ನೋಯುವವರೆಗೆ ಆಕಾಶ ನೋಡಿದೆ. ತಂತಿಯ ಮೇಲೆ ಎರಡು ಕಾಗೆ. ಅಕ್ಕ ಬೈಯಲಿಲ್ಲ, ಒಬ್ಬಟ್ಟು ಬಡಿಸಿದಳು. ಬೈದಿದ್ದರೆ ಒಬ್ಬಟ್ಟು ರುಚಿಸುತ್ತಿತ್ತು. ಇನ್ನು ನಾಲ್ಕು ದಿನ ನೋಡೋಣ ಎಂದು ಅವಳೇ ಮೇಸ್ತ್ರಿಗೆ ಹೇಳಿದಳು.

ನಾಲ್ಕು ದಿನವನ್ನು ಮುರುಗೇಶ ಎರಡಕ್ಕೆ ಇಳಿಸಿದ. ಅಕ್ಕ ಯಾರದೋ ನಾಮಕರಣಕ್ಕೆ ಹೋದ ಹೊತ್ತು ನೋಡಿ, ಜೆಸಿಬಿ ಕರೆಸಿ ಅರ್ಧ ಗುಡ್ಡೆಯನ್ನು ಪಾಯಕ್ಕೆ ಸುರಿದೇ ಬಿಟ್ಟ. ಮಾರನೆಯ ಬೆಳಿಗ್ಗೆ ನಾವಿಬ್ಬರೂ ಹೋದರೆ, ಉಳಿದರ್ಧ ಮೈಸೂರುಪಾಕು ಕೊಯ್ದಂತೆ ನೆಟ್ಟಗೆ ನಿಂತಿದೆ. ಅಕ್ಕ ಸೆರಗು ಸಿಕ್ಕಿಸಿಕೊಂಡು ಬಾಯಿ ತೆರೆದಳು. ಅಷ್ಟರಲ್ಲಿ ಮೇಲಿನ ತಂತಿಯಿಂದ ಗುಳುಗುಳು ದನಿ. ಸಾಲಾಗಿ ಕೂತಿದ್ದವು. ಒಂದು ಹಸಿರು ಗೆರೆ ಕೆಳಗಿಳಿದು ಆ ಹೊಸ ಗೋಡೆಗೆ ಕಚ್ಚಿಕೊಂಡಿತು. ಕೆಂಪು ಧೂಳು ಉದುರಿತು.

ಅವಕ್ಕೆ ಬೇಕಾದದ್ದು ಹೊಸದಾಗಿ ಕತ್ತರಿಸಿದ, ನೆಟ್ಟಗಿನ ಮಣ್ಣು. ಹೋದ ವರ್ಷವೂ ಸೈಟು ಮಟ್ಟ ಮಾಡಲು ಗುಡ್ಡೆಯ ಒಂದು ಮಗ್ಗುಲು ಕಡಿದಿದ್ದರೆಂಬುದು ನಮಗೆ ಆಗ ಹೊಳೆಯಿತು. ತಿಂಗಳಿಡೀ ನಾವು ಕಾದದ್ದು ಅವಕ್ಕೆ ಬೇಡವಾದ ಹುಲ್ಲುಗುಡ್ಡವನ್ನು. ನನ್ನ ಬರವಣಿಗೆಯಲ್ಲೂ ಹೀಗೆ ಕಾದಿಟ್ಟ ಗುಡ್ಡಗಳು ಬೇಕಾದಷ್ಟಿವೆ.

“ಬೈಯೋದಿದ್ರೆ ಈಗ್ಲೇ ಬೈದ್ಬಿಡಿ ಅಮ್ಮಾ” ಎಂದ ಮುರುಗೇಶ, ಜೆಸಿಬಿಯ ಮರೆಯಿಂದ.

ಅಕ್ಕ ಕತ್ತು ಇಳಿಸದೆಯೇ ಹೇಳಿದಳು: “ಸಂಪಿನ ಗುಂಡಿ ಇವತ್ತೇ ತೋಡ್ಸು. ಆ ಮಣ್ಣು ತುಂಬು. ಇದನ್ನ ಮುಟ್ಟಿದ್ರೆ ನೋಡು.”

ಈಗ ದಿನವೂ ಬೆಳಿಗ್ಗೆ ನಾನಲ್ಲಿ ಇಟ್ಟಿಗೆ ರಾಶಿಯ ಮೇಲೆ ಕೂರುತ್ತೇನೆ. ಹಕ್ಕಿಗಳು ಗಾಳಿಯಲ್ಲೇ ಏರೋಪ್ಲೇನ್ ಚಿಟ್ಟೆ ಹಿಡಿದು, ತಂತಿಗೆ ಕುಕ್ಕಿ, ಜೊತೆಯವಳಿಗೆ ಕೊಟ್ಟು, ಮತ್ತೆ ಹಾರುತ್ತವೆ. ಹಿಂದೆ ಪಾಯದ ಮೇಲೆ ಮನೆಯ ಗೋಡೆಯೂ ಬೆಳೆಯುತ್ತಿದೆ. ಇಷ್ಟು ಸಂತೋಷಕ್ಕೆ ನನ್ನ ಅರ್ಹತೆಯೇನೆಂದು ಯಾರೂ ಕೇಳಿಲ್ಲ.

ಮೊನ್ನೆ ನೆಂಟರಿಗೆ ಅಕ್ಕ ಸೈಟು ತೋರಿಸುತ್ತಿದ್ದಳು. “ಸರಿಯಾಗಿ ಯುಗಾದಿ ಬೆಳಿಗ್ಗೆನೇ ಬಂದ್ವು, ಇವನು ಹೇಳಿದ್ದ ಹಾಗೇ” ಎಂದಳು. ನೆಂಟರು ನನ್ನ ಕಡೆ ತಿರುಗಿದರು. ತಂತಿಯ ಮೇಲಿನ ಎರಡು ಕಾಗೆ ನೆನಪಾದವು.

ಹೌದು ಎಂದೆ.